ಮೊದಲು ಡಿಗ್ರಿ, ಆಮೇಲೆ ಆಕಾಶವೇ?

ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರ ಹಾಸನ ಜಿಲ್ಲೆಯ ಮನೆಗಳಲ್ಲಿ ನಡೆಯುವ ಮಾತು ಹೆಚ್ಚುಕಡಿಮೆ ಒಂದೇ. ಸಿಇಟಿ ರ‍್ಯಾಂಕ್ ಎಷ್ಟು, ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಾವ ಬ್ರಾಂಚ್ ಸಿಕ್ಕೀತು, ಮೊಸಳೆಹೊಸಹಳ್ಳಿಯ ಸರ್ಕಾರಿ ಕಾಲೇಜಾದರೆ ಫೀಸಿನಲ್ಲಿ ಎಷ್ಟು ಉಳಿಯುತ್ತದೆ, ಬಸ್ ಪಾಸ್ ಸಾಕೋ ಹಾಸ್ಟೆಲ್ ಬೇಕೋ. ಇದರ ನಡುವೆ ಅರಕಲಗೂಡಿನ ಶುಂಠಿ ಬೆಳೆಗಾರರ ಮಗಳೋ ಚನ್ನರಾಯಪಟ್ಟಣದ ತೆಂಗಿನ ತೋಟದವರ ಮಗನೋ ‘ನಾನು ಪೈಲಟ್ ಆಗ್ತೀನಿ’ ಎಂದರೆ ಮನೆಯವರು ಗದರುವ ಕಾಲ ಹೋಯಿತು. ಈಗ ಬರುವ ಉತ್ತರ ಬೇರೆ. ‘ಆಗು ಮಗಾ, ಯಾರು ಬೇಡ ಅಂದ್ರು? ಮೊದ್ಲು ಒಂದು ಡಿಗ್ರಿ ಅಂತ ಕೈಲಿರ್ಲಿ.’

ಈ ಮಾತಿನಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ಕೆಲಸಕ್ಕೆ ತೆಗೆದುಕೊಳ್ಳುವಾಗ ವಿಮಾನ ಕಂಪನಿ ಪೈಲಟ್‌ನಿಂದ ಪದವಿ ಕೇಳಬೇಕೇ ಎನ್ನುವುದು ಒಂದು. ಪೈಲಟ್ ಆಗಹೊರಟ ಮಗುವಿಗೆ ಪದವಿಯಿಂದ ಉಪಯೋಗವುಂಟೇ ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಕೇಳಬಾರದು. ಎರಡನೆಯದಕ್ಕೆ: ಉಂಟು, ಆದರೆ ಆ ಉಪಯೋಗ ಕಾಕ್‌ಪಿಟ್ಟಿನ ಹೊರಗಿನದು. ಎರಡನ್ನೂ ಕಲಸಿಬಿಟ್ಟರೆ ನಮ್ಮ ತಾಲ್ಲೂಕುಗಳ ಮಕ್ಕಳಿಗೆ ಮೂರು ನಾಲ್ಕು ವರ್ಷ ನಷ್ಟ.

ಕಾನೂನು ಏನು ಹೇಳುತ್ತದೆ ನೋಡೋಣ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಪದವಿ ಬೇಕಿಲ್ಲ. ಹದಿನೆಂಟು ತುಂಬಿರಬೇಕು, ಭೌತಶಾಸ್ತ್ರ, ಗಣಿತ ಓದಿ ಹನ್ನೆರಡನೇ ತರಗತಿ ಪಾಸಾಗಿರಬೇಕು, ವೈದ್ಯಕೀಯ ಪರೀಕ್ಷೆಯಲ್ಲಿ ಕ್ಲಾಸ್ ಒಂದು ಸಿಗಬೇಕು. ವಾಯುಯಾನ ನಿಯಮ, ನ್ಯಾವಿಗೇಶನ್, ಹವಾಮಾನ, ವಿಮಾನದ ತಾಂತ್ರಿಕ ವಿಷಯಗಳ ಪರೀಕ್ಷೆಗಳಲ್ಲಿ ಶೇ 70 ಅಂಕ ಪಡೆಯಬೇಕು. ರೇಡಿಯೊದಲ್ಲಿ ಮಾತಾಡುವುದಕ್ಕೆ ಬೇರೆ ಪರೀಕ್ಷೆ. ಕನಿಷ್ಠ 200 ಗಂಟೆ ಹಾರಿರಬೇಕು. ಅದರಲ್ಲಿ ರಾತ್ರಿಯ ಹಾರಾಟ, ಹೊರಗೆ ನೋಡದೆ ಉಪಕರಣಗಳನ್ನೇ ನಂಬಿ ಹಾರುವುದು, ಒಬ್ಬರೇ ಹೊಣೆ ಹೊತ್ತು 300 ನಾಟಿಕಲ್ ಮೈಲಿ ಪಯಣಿಸಿ ದಾರಿಯಲ್ಲಿ ಎರಡು ನಿಲ್ದಾಣಗಳಲ್ಲಿ ಇಳಿದು ಏರುವುದು ಎಲ್ಲ ಸೇರಿರುತ್ತವೆ. ಆಮೇಲೆ ಏರ್‌ಬಸ್ಸೋ ಬೋಯಿಂಗೋ ನಿರ್ದಿಷ್ಟ ವಿಮಾನಕ್ಕೆ ಟೈಪ್ ರೇಟಿಂಗ್. ಕಂಪನಿ ಸೇರಿದ ಮೇಲೂ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಕೂರಿಸಿ ಎಂಜಿನ್ ಕೆಡಿಸಿ, ಬೆಂಕಿ ಹೊತ್ತಿಸಿ, ಏನು ಮಾಡುತ್ತೀರಿ ಎಂದು ನೋಡುತ್ತಾರೆ. ಅಲ್ಲಿ ಫೇಲಾದರೆ ಮತ್ತೆ ತರಬೇತಿ ಪಡೆದು ಪಾಸಾಗುವ ತನಕ ಹಾರುವಂತಿಲ್ಲ. ನಿವೃತ್ತಿಯವರೆಗೂ ಹೀಗೆ ಪರೀಕ್ಷೆ ಬರೆಯುತ್ತಲೇ ಇರಬೇಕಾದ ಉದ್ಯೋಗ ಬೇರೆ ಹೆಚ್ಚಿಲ್ಲ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಬಿ.ಎ., ಬಿ.ಕಾಂ., ಬಿ.ಇ. ಯಾವುದಾದರೂ ಒಂದಿರಲಿ ಎಂದು ಕೇಳುವುದರಿಂದ ಹೊಸದಾಗಿ ಏನು ತಿಳಿಯುತ್ತದೆ? ‘ಮೂರು ವರ್ಷ ಕಾಲೇಜಿಗೆ ಹೋಗಿದ್ದಾನೆ ಎಂದರೆ ಶಿಸ್ತಿದೆ’ ಎಂಬ ವಾದವನ್ನು ಕೇಳಿದ್ದೇನೆ. ಅಮೆರಿಕದ ದೊಡ್ಡ ಕಂಪನಿಗಳು ಬಹಳ ಕಾಲ ಇದೇ ನಂಬಿಕೆಯ ಮೇಲೆ ನಡೆದವು. ಅರ್ಜಿಗಳು ರಾಶಿ ಬೀಳುತ್ತಿದ್ದ ಕಾಲದಲ್ಲಿ ನಾಲ್ಕು ವರ್ಷದ ಪದವಿ ಸೋಸಣಿಗೆಯಾಗಿ ಕೆಲಸಕ್ಕೆ ಬರುತ್ತಿತ್ತು. ಪೈಲಟ್‌ಗಳ ಕೊರತೆ ಬಿದ್ದಾಗ, 2022ರ ಜನವರಿಯಲ್ಲಿ, ಡೆಲ್ಟಾ ಏರ್‌ಲೈನ್ಸ್ ಕೂಡ ಅದನ್ನು ಕಡ್ಡಾಯದ ಪಟ್ಟಿಯಿಂದ ತೆಗೆದು ‘ಇದ್ದರೆ ಒಳ್ಳೆಯದು’ ಎಂಬಲ್ಲಿಗೆ ಸರಿಸಿತು. ಸುರಕ್ಷತೆಗೆ ನಿಜಕ್ಕೂ ಅನಿವಾರ್ಯವಾಗಿದ್ದರೆ ಕೊರತೆಯ ಕಾಲದಲ್ಲಿ ಅದನ್ನು ಬಿಡಲು ಆಗುತ್ತಿತ್ತೇ? ಕಣ್ಣಿನ ಪರೀಕ್ಷೆಯನ್ನು ಯಾರೂ ಹಾಗೆ ಬಿಟ್ಟಿಲ್ಲ.

ಈ ಕೆಲಸಕ್ಕೆ ಬೇಕಾದ ಓದು ಎಂಥದ್ದು ಎಂಬುದಕ್ಕೆ ನಮ್ಮ ನೆತ್ತಿಯ ಮೇಲಿನದೇ ಲೆಕ್ಕವೊಂದನ್ನು ನೋಡಬಹುದು. ಜೆಟ್ ವಿಮಾನ ಇಳಿಯುವುದಕ್ಕೆ ಒಂದು ಕೈಲೆಕ್ಕವಿದೆ: ಪ್ರತಿ ಸಾವಿರ ಅಡಿ ಎತ್ತರ ಕಳೆಯಲು ಮೂರು ನಾಟಿಕಲ್ ಮೈಲಿ ದೂರ ಬೇಕು. ಮಂಗಳೂರಿನ ದಿಕ್ಕಿನಿಂದ 36,000 ಅಡಿಯಲ್ಲಿ ನೇರವಾಗಿ ಬೆಂಗಳೂರಿಗೆ ಬರುತ್ತಿರುವ ವಿಮಾನವನ್ನು ತೆಗೆದುಕೊಳ್ಳಿ. ಮೂವತ್ತಾರು ಮೂರಲೆ ನೂರೆಂಟು. ನೂರೆಂಟು ನಾಟಿಕಲ್ ಮೈಲಿ ಎಂದರೆ 200 ಕಿಲೋಮೀಟರ್. ದೇವನಹಳ್ಳಿಯಿಂದ ಪಶ್ಚಿಮಕ್ಕೆ ಅಷ್ಟು ದೂರ ಅಳೆದರೆ ಸಕಲೇಶಪುರದ ಆಸುಪಾಸಿಗೆ ಬರುತ್ತೇವೆ. ಎಂದರೆ ಘಟ್ಟ ಹತ್ತಿ ಮುಗಿಯುವ ಹೊತ್ತಿಗೇ ಆ ಪೈಲಟ್ ಎಂಜಿನ್ನಿನ ಶಕ್ತಿ ತಗ್ಗಿಸಿ ಇಳಿಯಲು ಶುರುಮಾಡಿರಬೇಕು. ಹಾಸನ ದಾಟುವಾಗ ನಾಲ್ಕೈದು ಸಾವಿರ ಅಡಿ ಕಳೆದಿರಬೇಕು. ಹಿಂದಿನಿಂದ ಗಾಳಿ ಜೋರಾಗಿ ತಳ್ಳುತ್ತಿದ್ದರೆ ಇನ್ನೂ ಮೊದಲೇ.

ಇದು ಮಗ್ಗಿ ಗೊತ್ತಿದ್ದವರ ಲೆಕ್ಕ. ರನ್‌ವೇಗೆ 60 ಡಿಗ್ರಿ ಓರೆಯಾಗಿ 20 ನಾಟ್ ಗಾಳಿ ಬೀಸುತ್ತಿದೆ, ಅಡ್ಡಗಾಳಿ ಎಷ್ಟು ಎಂಬುದು ಸ್ವಲ್ಪ ಮೇಲಿನದು. ಇಪ್ಪತ್ತನ್ನು ಸೈನ್ 60ರಿಂದ ಗುಣಿಸಿದರೆ ಸುಮಾರು ಹದಿನೇಳು. ಇದು ಪ್ರಥಮ ಪಿಯುಸಿ ಭೌತಶಾಸ್ತ್ರದ ಸದಿಶಗಳ ಅಧ್ಯಾಯ. ಹೊಳೆನರಸೀಪುರದ ಸರ್ಕಾರಿ ಪಿಯು ಕಾಲೇಜಿನ ಹುಡುಗಿಯೂ ಮಾಡುತ್ತಾಳೆ. ಕಷ್ಟವಿರುವುದು ಬೇರೆ ಕಡೆ. ಮಳೆ, ಕತ್ತಲು, ಹಿಂದೆ ಕುಳಿತ ನೂರೆಂಬತ್ತು ಜನ, ಕಿವಿಯಲ್ಲಿ ಟವರಿನ ಮಾತು, ಮುಗಿಯುತ್ತಿರುವ ಇಂಧನ. ಇವುಗಳ ನಡುವೆ ಅದೇ ಲೆಕ್ಕ ನೆನಪಾಗಬೇಕು, ಉತ್ತರ ಸರಿಯಿಲ್ಲ ಎನಿಸಿದರೆ ಇಳಿಯದೆ ಮತ್ತೆ ಮೇಲೇರಬೇಕು. ಅದನ್ನು ಹಾರಿಸಿ ಹಾರಿಸಿಯೇ ಕಲಿಸಬೇಕು. ಪದವಿ ತರಗತಿಯಲ್ಲಿ ಅದಕ್ಕೆ ಪಾಠವಿಲ್ಲ.

ಕರ್ನಾಟಕದ ನೆಲದ ಮೇಲೆ ಆದ ಎರಡು ದೊಡ್ಡ ದುರಂತಗಳೂ ಇದನ್ನೇ ಹೇಳುತ್ತವೆ. 1990ರ ಫೆಬ್ರವರಿ 14ರಂದು ಬೆಂಗಳೂರಿನ ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ಇಳಿಯುತ್ತಿದ್ದ ಇಂಡಿಯನ್ ಏರ್‌ಲೈನ್ಸ್‌ನ ಏರ್‌ಬಸ್ ಎ-320 ರನ್‌ವೇ ತಲುಪುವ ಮೊದಲೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿತು. 146 ಜನರಲ್ಲಿ 92 ಮಂದಿ ಸತ್ತರು. ಕಂಪ್ಯೂಟರು ನಡೆಸುವ ಆ ಹೊಸ ಬಗೆಯ ವಿಮಾನ ದೇಶಕ್ಕೆ ಬಂದು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಎಂಜಿನ್ ಪೂರ್ತಿ ತಗ್ಗಿ ವೇಗ ಕುಸಿಯುತ್ತಿದ್ದುದು ಕಾಕ್‌ಪಿಟ್ಟಿನಲ್ಲಿದ್ದವರ ಅರಿವಿಗೆ ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಯಂತ್ರ ಆ ಕ್ಷಣದಲ್ಲಿ ಏನು ಮಾಡುತ್ತಿದೆ ಎಂಬ ತಿಳಿವಳಿಕೆಯೇ ಅಲ್ಲಿ ಕೈಕೊಟ್ಟದ್ದು.

ಮಂಗಳೂರಿನದು ಇನ್ನೂ ಹಸಿ ನೆನಪು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ಗುಡ್ಡದ ತುದಿಯ ರನ್‌ವೇ ದಾಟಿ ಕಮರಿಗೆ ಬಿತ್ತು. 158 ಮಂದಿ ಹೋದರು, ಉಳಿದವರು ಎಂಟೇ ಜನ. ಕ್ಯಾಪ್ಟನ್‌ಗೆ ಹತ್ತು ಸಾವಿರ ಗಂಟೆಗೂ ಮಿಕ್ಕಿದ ಅನುಭವವಿತ್ತು. ದಾರಿಯುದ್ದಕ್ಕೂ ಬಹಳ ಹೊತ್ತು ಅವರು ನಿದ್ದೆಯಲ್ಲಿದ್ದುದು ಕಾಕ್‌ಪಿಟ್ಟಿನ ಧ್ವನಿಮುದ್ರಣದಿಂದ ಗೊತ್ತಾಯಿತು. ಇಳಿಯುವಾಗ ವಿಮಾನ ತೀರಾ ಎತ್ತರದಲ್ಲಿತ್ತು. ಪಕ್ಕದಲ್ಲಿದ್ದ ಕೋ-ಪೈಲಟ್ ಮೂರು ಸಲ ‘ಗೋ ಅರೌಂಡ್’, ಎಂದರೆ ಇಳಿಯದೆ ಮತ್ತೆ ಮೇಲೇರಿ, ಎಂದು ಕೂಗಿದರು. ಕ್ಯಾಪ್ಟನ್ ಕಿವಿಗೊಡಲಿಲ್ಲ. ಕಿರಿಯರಾದ ಅವರೂ ಕೈಹಾಕಿ ನಿಯಂತ್ರಣ ತೆಗೆದುಕೊಳ್ಳಲಿಲ್ಲ.

ಈ ಜಾಗದಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ದೊಡ್ಡವರು ಮಾತಾಡುವಾಗ ಎದುರಾಡಬಾರದು ಎಂದು ನಾವು ಮಕ್ಕಳನ್ನು ಬೆಳೆಸುತ್ತೇವೆ. ಮೇಷ್ಟ್ರು ಬೋರ್ಡಿನ ಮೇಲೆ ತಪ್ಪು ಬರೆದರೂ ಎದ್ದು ಹೇಳಲು ಹಿಂಜರಿಯುವ ಮಗು ಇಪ್ಪತ್ತಮೂರನೇ ವಯಸ್ಸಿಗೆ ಕೋ-ಪೈಲಟ್ ಸೀಟಿನಲ್ಲಿ ಕೂರುತ್ತದೆ; ಪಕ್ಕದಲ್ಲಿ ಐವತ್ತೈದು ದಾಟಿದ ಕ್ಯಾಪ್ಟನ್. ‘ಸರ್, ಇದು ಸರಿಯಿಲ್ಲ’ ಎಂದು ಗಟ್ಟಿಯಾಗಿ ಹೇಳುವ ಎದೆಗಾರಿಕೆ ಆ ಕ್ಷಣಕ್ಕೆ ಬೇಕು. ಕಂಪನಿಗಳು ಇದನ್ನು ಪ್ರತ್ಯೇಕವಾಗಿ ಕಲಿಸುತ್ತವೆ, ಸಂದರ್ಶನದಲ್ಲೂ ತಡಕಿ ನೋಡುತ್ತವೆ. ನಮ್ಮ ಬಹುಪಾಲು ಡಿಗ್ರಿ ಕಾಲೇಜುಗಳ ಮೂರು ವರ್ಷ ಈ ಎದೆಗಾರಿಕೆಯನ್ನು ಬೆಳೆಸುತ್ತವೆ ಎಂದು ಹೇಳಲು ನನ್ನ ಮನಸ್ಸು ಒಪ್ಪುವುದಿಲ್ಲ. ನೋಟ್ಸ್ ಉರುಹೊಡೆದು ಬರೆದ ಪದವಿ ಕೆಲವೊಮ್ಮೆ ತದ್ವಿರುದ್ಧವಾದುದನ್ನೇ ಬೆಳೆಸುತ್ತದೆ.

ಕಾಗದದ ಮೇಲೆ ಅತಿಯಾದ ಭಾರ ಹಾಕಿದರೆ ಏನಾಗುತ್ತದೆ ಎಂಬುದನ್ನೂ ದೇಶ ಕಂಡಿದೆ. 2011ರಲ್ಲಿ ದೇಶದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ತಪಾಸಣೆ ನಡೆಸಿದಾಗ ನಕಲಿ ಅಂಕಪಟ್ಟಿ ಕೊಟ್ಟು ಉನ್ನತ ಲೈಸೆನ್ಸ್ ಪಡೆದಿದ್ದ ಪೈಲಟ್‌ಗಳು ಸಿಕ್ಕಿಬಿದ್ದರು, ಬಂಧನಗಳೂ ಆದವು. ಹಾರಾಟದ ಪರೀಕ್ಷೆಯ ಅಂಕಪಟ್ಟಿಯನ್ನೇ ನಕಲು ಮಾಡಬಲ್ಲವರಿದ್ದಾರೆ ಎಂದ ಮೇಲೆ ಇನ್ನೊಂದು ಪ್ರಮಾಣಪತ್ರವನ್ನು ಕಡ್ಡಾಯ ಮಾಡಿದರೆ ಅದರ ಸುತ್ತಲೂ ಒಂದು ಅಂಗಡಿ ಹುಟ್ಟುತ್ತದೆ, ಅಷ್ಟೆ.

ಇನ್ನು ನಮ್ಮ ಜಿಲ್ಲೆಯ ಮಾತು. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಓದಿದ್ದು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ, ಸಿವಿಲ್ ಡಿಪ್ಲೊಮಾ. 1996ರ ಜೂನ್ 1ರಂದು ಅವರು ದೇಶದ ಪ್ರಧಾನಿಯಾದರು. ಪದವಿ ಇಲ್ಲದವರು ದೇಶವನ್ನೇ ನಡೆಸಿದರು, ವಿಮಾನ ಯಾವ ಲೆಕ್ಕ ಎಂದು ಇದನ್ನು ವಾದವಾಗಿ ಹೂಡುವವರಿದ್ದಾರೆ. ನನಗೆ ಅದು ಗಟ್ಟಿ ವಾದವಲ್ಲ. ಜನ ಮತ ಹಾಕಿ ಆರಿಸುವುದು ಬೇರೆ, ಕೈಚಳಕ ನೋಡಿ ಆರಿಸುವುದು ಬೇರೆ. ಆದರೆ ಆ ಡಿಪ್ಲೊಮಾ ನೆನಪಿಡಬೇಕಾದ ಸಂಗತಿ. ಕೆಲಸ ಕಲಿಸುವ ಓದಿಗೆ ಈ ಜಿಲ್ಲೆಯಲ್ಲಿ ಒಂದು ಕಾಲಕ್ಕೆ ಒಳ್ಳೆಯ ಮರ್ಯಾದೆಯಿತ್ತು. ಪೈಲಟ್ ತರಬೇತಿಯೂ ಅದೇ ಜಾತಿಯದು.

ವಿಮಾನ ಎಂದೊಡನೆ ನೆನಪಾಗುವ ನಮ್ಮವರು ಗೊರೂರಿನ ಕ್ಯಾಪ್ಟನ್ ಗೋಪಿನಾಥ್. ಅವರ ಹೆಸರಿನ ಮುಂದಿನ ‘ಕ್ಯಾಪ್ಟನ್’ ಸೇನೆಯ ದರ್ಜೆ, ವಿಮಾನದ್ದಲ್ಲ. ಶಾಲಾ ಮೇಷ್ಟ್ರ ಮಗ. ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ ಸೇನೆ ಸೇರಿದವರು. ಹೇಮಾವತಿ ಅಣೆಕಟ್ಟೆಗೆ ಊರಿನ ಜಮೀನು ಮುಳುಗಿದಾಗ ಪರಿಹಾರವಾಗಿ ಸಿಕ್ಕ ಜಾವಗಲ್ ಬಳಿಯ ಬಂಜರಿನಲ್ಲಿ ಡೇರೆ ಹಾಕಿಕೊಂಡು ಬೇಸಾಯ ಮಾಡಿದರು. ಆಮೇಲೆ ಹೆಲಿಕಾಪ್ಟರ್ ಕಂಪನಿ, 2003ರಲ್ಲಿ ಏರ್ ಡೆಕ್ಕನ್. ಮೊದಲ ಹಾರಾಟ ಬೆಂಗಳೂರಿನಿಂದ ಹುಬ್ಬಳ್ಳಿಗೆ. ಅಲ್ಲಿಯವರೆಗೆ ರೈಲಿನ ಸ್ಲೀಪರ್ ಬೋಗಿ ಬಿಟ್ಟು ಬೇರೇನೂ ಕಾಣದಿದ್ದ ಲಕ್ಷಾಂತರ ಮಂದಿ ಮೊದಲ ಸಲ ವಿಮಾನ ಹತ್ತಿದರು. ಸೀಟಿನಲ್ಲಿ ಕೂರುವವರು ಯಾರು ಎಂಬುದನ್ನು ಗೊರೂರಿನ ಈ ಮನುಷ್ಯ ಬದಲಿಸಿಬಿಟ್ಟರು. ಕಾಕ್‌ಪಿಟ್ಟಿನಲ್ಲಿ ಕೂರುವವರು ಯಾರು ಎಂಬುದು ಮಾತ್ರ ಅಷ್ಟಾಗಿ ಬದಲಾಗಲಿಲ್ಲ. ಕಾರಣ ದುಡ್ಡು.

ಲೈಸೆನ್ಸ್ ಪಡೆಯುವುದಕ್ಕೆ ಇಂದು ಅರ್ಧ ಕೋಟಿಗೂ ಮೀರಿ ಖರ್ಚಾಗುತ್ತದೆ. ಟೈಪ್ ರೇಟಿಂಗ್ ಸೇರಿಸಿದರೆ ಇನ್ನೂ ಮೇಲೆ. ದೊಡ್ಡ ಕಂಪನಿಗಳ ಕೆಡೆಟ್ ಯೋಜನೆಗಳಲ್ಲಿ ಒಟ್ಟು ಮೊತ್ತ ಕೋಟಿಯ ಗಡಿ ಮುಟ್ಟುತ್ತದೆ. ಜಾಮೀನಿಲ್ಲದೆ ಬ್ಯಾಂಕಿನಲ್ಲಿ ಸಿಗುವ ಶಿಕ್ಷಣ ಸಾಲ ಸಾಮಾನ್ಯವಾಗಿ ಏಳೂವರೆ ಲಕ್ಷದವರೆಗೆ. ಅದಕ್ಕೆ ಮೇಲೆ ಆಸ್ತಿ ಅಡ ಇಡಬೇಕು. ಅರಕಲಗೂಡಿನ ರೈತರ ತೊಡಕು ಶುರುವಾಗುವುದು ಇಲ್ಲಿಂದ. ಸಾಲ ವಸೂಲಿಗೆ ಬ್ಯಾಂಕುಗಳು ನೆಚ್ಚಿಕೊಂಡಿರುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಪಹಣಿ ಹಿಡಿದು ಹೋದವರಿಗೆ ‘ಪಟ್ಟಣದಲ್ಲಿ ಸೈಟು, ಮನೆ ಏನಾದ್ರೂ ಇದೆಯಾ?’ ಎಂಬ ಪ್ರಶ್ನೆ ಎದುರಾಗುತ್ತದೆ. ನಾಲ್ಕು ಎಕರೆ ತೋಟವಿದ್ದೂ ಸಾಲ ಹುಟ್ಟದು. ಉಳಿಯುವ ದಾರಿ ಮಾರುವುದೊಂದೇ. ಅದೂ ಖಾತೆ ಅಣ್ಣತಮ್ಮಂದಿರ ಜಂಟಿಯಲ್ಲಿದ್ದರೆ, ವಿಭಾಗವಾಗದೆ ಅದೂ ಇಲ್ಲ.

ಇಂಥ ಮನೆಯ ಮಗುವಿನ ಮುಂದೆ ಪದವಿಯ ಷರತ್ತನ್ನೂ ಇಡುವುದು ಎಂದರೇನು? ಮೂರು ವರ್ಷದ ಹಾಸ್ಟೆಲ್ ಖರ್ಚು, ಅಷ್ಟು ವರ್ಷದ ದುಡಿಮೆಯ ನಷ್ಟ. ಜೊತೆಗೆ ಇನ್ನೊಂದು ನಷ್ಟವಿದೆ: ವಿಮಾನ ಕಂಪನಿಗಳಲ್ಲಿ ಕ್ಯಾಪ್ಟನ್ ಆಗುವ ಸರದಿ ಸೇರಿದ ದಿನಾಂಕದ ಮೇಲೆ ನಿಂತಿರುತ್ತದೆ. ಮೂರು ವರ್ಷ ತಡವಾಗಿ ಸೇರಿದವರು ವೃತ್ತಿಯುದ್ದಕ್ಕೂ ಆ ಮೂರು ವರ್ಷ ಹಿಂದೆಯೇ. ಅಪ್ಪನಿಗೆ ದುಡ್ಡಿದ್ದವರಿಗೆ ಇದು ದೊಡ್ಡದಲ್ಲ. ಸಾಲದ ಬಡ್ಡಿ ಏರುತ್ತಿರುವವರಿಗೆ ದೊಡ್ಡದು.

ಹಾಗೆಂದು ಭೌತಶಾಸ್ತ್ರ, ಗಣಿತವೂ ಬೇಡ ಎನ್ನುವ ಕಡೆಗೆ ನಾನಿಲ್ಲ. ವಾಣಿಜ್ಯ, ಕಲಾ ವಿಭಾಗದವರಿಗೂ ಲೈಸೆನ್ಸಿನ ಬಾಗಿಲು ತೆರೆಯಬೇಕೆಂಬ ಪ್ರಸ್ತಾಪವನ್ನು ಡಿಜಿಸಿಎ 2025ರಲ್ಲಿ ಎತ್ತಿಕೊಂಡಿತು. ಪಿಯುಸಿಯಲ್ಲಿ ಕಾಮರ್ಸ್ ಓದಿದವರು ಈಗಲೂ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯಗಳನ್ನಷ್ಟೇ ಪಾಸು ಮಾಡಿ ಬರುತ್ತಾರೆ. ಅದು ಒಳ್ಳೆಯ ದಾರಿ, ಮುಂದುವರಿಯಲಿ. ಹದಿನಾರನೇ ವಯಸ್ಸಿನಲ್ಲಿ ತಿಳಿಯದೆ ಆರಿಸಿಕೊಂಡ ವಿಭಾಗ ಜೀವನಪೂರ್ತಿ ಕಟ್ಟಿಹಾಕಬಾರದು ನಿಜ. ಆದರೆ ಅಡ್ಡಗಾಳಿಯ ಸೈನ್, ಗಾಳಿಯೊತ್ತಡ, ರೆಕ್ಕೆ ಎತ್ತುವ ಬಲ ಇವುಗಳ ಬುಡ ಭದ್ರವಿರಲೇಬೇಕು. ಪದವಿಯನ್ನು ಬಿಡೋಣ, ಬುನಾದಿಯನ್ನು ಬಿಡುವುದು ಬೇಡ.

ಈಗ ಮನೆಯವರ ಮಾತಿಗೆ ಬರುತ್ತೇನೆ, ಅದರಲ್ಲಿ ನಿಜವಿದೆ. ಪೈಲಟ್‌ನ ಲೈಸೆನ್ಸ್ ಅವನ ದೇಹದ ಮೇಲೆ ನಿಂತಿದೆ. ವೈದ್ಯಕೀಯ ಪರೀಕ್ಷೆ ವರ್ಷಕ್ಕೊಮ್ಮೆ, ವಯಸ್ಸಾದಂತೆ ಆರು ತಿಂಗಳಿಗೊಮ್ಮೆ. ಹೃದಯದಲ್ಲಿ ಒಂದು ಸಣ್ಣ ದೋಷ, ಕಿವಿಯಲ್ಲಿ ಒಂದು ತೊಂದರೆ, ಒಂದು ಸಲ ಮೂರ್ಛೆ: ಮೂವತ್ತೈದನೇ ವಯಸ್ಸಿಗೆ ಹಾರಾಟ ನಿಲ್ಲಬಹುದು. ಕಂಪನಿಯೇ ಮುಳುಗುವುದೂ ಉಂಟು. ಏರ್ ಡೆಕ್ಕನ್ ಅನ್ನು ಕೊಂಡ ಬೆಂಗಳೂರಿನ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನೆಲಕ್ಕಿಳಿದು ಮತ್ತೆ ಏಳಲಿಲ್ಲ. ತಿಂಗಳುಗಟ್ಟಲೆ ಸಂಬಳ ಕಾಣದೆ ಪೈಲಟ್‌ಗಳು ಬೀದಿಗಿಳಿದಿದ್ದರು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಿತು. ಮರುವರ್ಷ ಕೊರೊನಾ. ಪಿಯುಸಿ ಒಂದೇ ಇದ್ದವರಿಗೆ ಇಂಥ ಹೊತ್ತಿನಲ್ಲಿ ಬ್ಯಾಂಕ್ ಪರೀಕ್ಷೆ ಬರೆಯಲೂ ಅರ್ಹತೆಯಿಲ್ಲ, ಕೆಎಎಸ್ ಅಂತೂ ದೂರ. ‘ಕೈಲಿ ಒಂದು ಡಿಗ್ರಿ ಇರ್ಲಿ’ ಎನ್ನುವ ತಾಯಿಗೆ ಗೊತ್ತಿರುವುದು ಇದೇ. ಮಳೆ ಕೈಕೊಟ್ಟಾಗ ಆಲೂಗೆಡ್ಡೆ ಬಿಟ್ಟು ಬೇರೇನೂ ಹಾಕದವರ ಗತಿ ಏನಾಯಿತೆಂದು ಕಂಡವರು ಅವರು.

ಆ ಭದ್ರತೆಗೆ ದಾರಿಯಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲೋ ಇಗ್ನೋದಲ್ಲೋ ಹೆಸರು ನೋಂದಾಯಿಸಿ ಹಾರಾಟ ಕಲಿಯುತ್ತಲೇ ಪದವಿ ಮುಗಿಸಬಹುದು. ತರಬೇತಿಯಲ್ಲಿ ಹವಾಮಾನ ಕೆಟ್ಟು, ವಿಮಾನ ರಿಪೇರಿಗೆ ನಿಂತು ಕಾಯುತ್ತ ಕೂರುವ ದಿನಗಳು ಬೇಕಾದಷ್ಟು ಸಿಗುತ್ತವೆ. ನಮ್ಮ ದೇಶದ ಮೊದಲ ಪೈಲಟ್ ಲೈಸೆನ್ಸ್ ಪಡೆದ ಜೆ.ಆರ್.ಡಿ. ಟಾಟಾ ಅವರಿಗೂ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಮುಂಬೈಗೆ ಟಪಾಲು ಹೊತ್ತ ವಿಮಾನ ಹಾರಿಸಿದ ಅವರಿಗೆ ಕಾಲೇಜು ಓದಲಾಗಲಿಲ್ಲವೆಂಬ ಕೊರಗು ಕಡೆತನಕ ಇತ್ತು. ಹಾರುವುದಕ್ಕೆ ಪದವಿ ಇಲ್ಲದ್ದು ಅಡ್ಡಿಯಾಗಲಿಲ್ಲ, ಓದಿನ ಹಸಿವೂ ಹೋಗಲಿಲ್ಲ. ಎರಡೂ ಒಬ್ಬರಲ್ಲೇ ಇರಬಹುದು. ಆ ಹಸಿವನ್ನು ನೇಮಕಾತಿಯ ಷರತ್ತು ಮಾಡುವುದಷ್ಟೇ ತಪ್ಪು.

ಸರ್ಕಾರ ಮಾಡಬೇಕಾದ್ದು ಹೆಚ್ಚಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ಸ್ವಾತಂತ್ರ್ಯ ಬಂದ ಹೊಸತರಲ್ಲೇ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಉಷಾ ಸುಂದರಂ ಎಂಬ ಎಳೆಯ ಗೃಹಿಣಿ 1949ರಲ್ಲಿ ಹಾರಾಟ ಕಲಿತು ಹೊರಬಂದದ್ದು ಅಲ್ಲಿಂದಲೇ. ಅಂಥ ಹೆಸರಿನ ಶಾಲೆಯಲ್ಲಿ ಇತ್ತೀಚೆಗೆ ವರ್ಷಗಟ್ಟಲೆ ತರಬೇತಿ ನಿಂತುಹೋಗಿತ್ತು. ಖಾಸಗಿ ಶಾಲೆಗಳಿಗಿಂತ ಕಡಿಮೆ ಖರ್ಚಿನಲ್ಲಿ ಕಲಿಸಬಲ್ಲ ಈ ಶಾಲೆಯ ವಿಮಾನಗಳು ದಿನವೂ ಹಾರುವಂತಾದರೆ, ಗ್ರಾಮೀಣ ಸರ್ಕಾರಿ ಕಾಲೇಜುಗಳ ಮಕ್ಕಳಿಗೆ ಪ್ರವೇಶ ಪರೀಕ್ಷೆ ನಡೆಸಿ ಪೂರ್ತಿ ಶುಲ್ಕ ಭರಿಸುವ ಸೀಟುಗಳನ್ನಿಟ್ಟರೆ ಯಾವ ಡಿಗ್ರಿಯೂ ಮಾಡಲಾಗದ ಕೆಲಸ ಆಗುತ್ತದೆ. ಹಾಸನದ ಬೂವನಹಳ್ಳಿಯಲ್ಲಿ ದಶಕಗಳಿಂದ ಕುಂಟುತ್ತ ಬಂದ ವಿಮಾನ ನಿಲ್ದಾಣದ ಕೆಲಸ 2021ರಲ್ಲಿ ಮತ್ತೆ ಶುರುವಾಯಿತು. ಅಲ್ಲಿ ಒಂದು ಹಾರಾಟ ಶಾಲೆಗೆ ಜಾಗ ಕೊಡಬೇಕೆಂದು ಜಿಲ್ಲೆಯ ಎಲ್ಲ ಪಕ್ಷಗಳ ಜನಪ್ರತಿನಿಧಿಗಳೂ ಒಟ್ಟಾಗಿ ಕೇಳಬೇಕು. ಕಲಬುರಗಿ ನಿಲ್ದಾಣದಲ್ಲಿ ಅದು ಆಗಿದೆ, ಹಾಸನದಲ್ಲೂ ಆಗಬಹುದು. ಇಸ್ರೋದ ಉಪಗ್ರಹಗಳನ್ನು 1980ರ ದಶಕದಿಂದ ನಿಯಂತ್ರಿಸುತ್ತಿರುವ ಕೇಂದ್ರವನ್ನು ಪಕ್ಕದಲ್ಲೇ ಇಟ್ಟುಕೊಂಡ ಊರಿದು.

ಮನೆಯಲ್ಲಿ ಈ ಮಾತು ಎದ್ದಿರುವ ತಂದೆತಾಯಿಗಳಿಗೆ ಒಂದೆರಡು ವಿನಂತಿ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಬಿಡಿಸಬೇಡಿ. ಯಾವ ಅಕಾಡೆಮಿಗೂ ಮುಂಗಡ ಕಟ್ಟುವ ಮೊದಲು ಡಿಜಿಸಿಎ ಮಾನ್ಯತೆ ಪಡೆದ ವೈದ್ಯರಲ್ಲಿ ಕ್ಲಾಸ್ ಎರಡರ ವೈದ್ಯಕೀಯ ಪರೀಕ್ಷೆ ಮಾಡಿಸಿ, ಕ್ಲಾಸ್ ಒಂದನ್ನೂ ಮುಗಿಸಿಕೊಳ್ಳಿ. ಬಣ್ಣಗುರುಡಿನಂಥ ದೋಷವೊಂದು ಅಲ್ಲಿ ಗೊತ್ತಾದರೆ ಜಮೀನು ಉಳಿಯುತ್ತದೆ. ಶಾಲೆಯ ಹೆಸರು ಡಿಜಿಸಿಎ ಪಟ್ಟಿಯಲ್ಲಿದೆಯೇ, ಹಾರುವ ಸ್ಥಿತಿಯಲ್ಲಿ ಎಷ್ಟು ವಿಮಾನಗಳಿವೆ, ಹೋದ ವರ್ಷದ ಬ್ಯಾಚು 200 ಗಂಟೆ ಮುಗಿಸಲು ಎಷ್ಟು ತಿಂಗಳು ಹಿಡಿಯಿತು ಎಂದು ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ. ಫೀಸನ್ನು ಒಂದೇ ಕಂತಿನಲ್ಲಿ ಕಟ್ಟಬೇಡಿ. ಡಿಗ್ರಿಗೆ ಮುಕ್ತ ವಿಶ್ವವಿದ್ಯಾಲಯದ ಅರ್ಜಿಯನ್ನು ಅದೇ ವರ್ಷ ತುಂಬಿಸಿ, ಆದರೆ ಅದು ಮುಗಿಯಲೆಂದು ಮಗುವನ್ನು ಕಾಯಿಸಬೇಡಿ.